ಪಂಪು ಬದಲಿಸಲಿಲ್ಲ, ಬಿಚ್ಚಿ ಸರಿ ಮಾಡಿದೆವು

ಪ್ರೀತಿಯ ಅಪ್ಪ,

ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಅವತ್ತು ಫೋನ್ ಕಟ್ ಆಗುವ ಮುಂಚೆ ನೀವು ಕೇಳಿದಿರಲ್ಲ, "ಆ ಹಳೇ ಪಂಪನ್ನ ಬಿಚ್ಚಿಕೊಂಡು ಯಾಕೆ ಕೂತಿದೀಯ, ಹೊಸದು ಹಾಕಿಸಬಾರದಾ?" ಅಂತ. ನಮ್ಮ ದೋಣಿಯ ಎಂಜಿನ್ ತಂಪು ಮಾಡಲು ಸಮುದ್ರದ ನೀರೆಳೆಯುವ ಪಂಪು ಅದು. ನಿಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಇದೆ. ಹಾಗಾಗಿ ಈ ಕಾಗದ.

ಮೊದಲು ಅಮ್ಮನ ಪ್ರಶ್ನೆ ಮುಗಿಸಿಬಿಡುತ್ತೇನೆ. ಹಾಯಿ ಇರುವ ದೋಣಿಗೆ ಎಂಜಿನ್ ಯಾಕೆ? ಗಾಳಿ ನಾವು ಕರೆದಾಗ ಬರುವುದಿಲ್ಲ, ಅದಕ್ಕೆ. ಬಂದರಿನೊಳಗೆ ಬೇರೆ ದೋಣಿಗಳ ಮಧ್ಯೆ ನುಸುಳುವಾಗ, ನಡುನೀರಿನಲ್ಲಿ ಗಾಳಿ ಪೂರ್ತಿ ನಿಂತಾಗ, ಬ್ಯಾಟರಿ ಚಾರ್ಜ್ ಮಾಡಬೇಕಾದಾಗ ಎಂಜಿನ್ ಬೇಕೇ ಬೇಕು. ನಾವು ಗೆಳತಿಯರು ಸೇರಿ ಕೊಂಡ ಈ ದೋಣಿಯಲ್ಲಿರುವುದು ಎರಡು ಸಿಲಿಂಡರಿನ ಹಳೇ ಡೀಸೆಲ್ ಎಂಜಿನ್. ಒಳಗೆ ಇಳಿಯುವ ಮೆಟ್ಟಿಲಿನ ಹಿಂದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಕೂತಿದೆ. ಕಾರಿನ ಹಾಗೆ ಎದುರುಗಾಳಿ ಅದಕ್ಕೆ ತಾಗುವುದಿಲ್ಲ. ಸಮುದ್ರದ ನೀರೇ ಅದನ್ನು ತಂಪು ಮಾಡಬೇಕು.

ದೋಣಿಯ ತಳದಲ್ಲಿ ಒಂದು ತೂತು, ಅದಕ್ಕೊಂದು ವಾಲ್ವ್ ಇದೆ. ಪಂಪು ಅಲ್ಲಿಂದ ನೀರೆಳೆದು ಹೀಟ್ ಎಕ್ಸ್‌ಚೇಂಜರಿಗೆ ತಳ್ಳುತ್ತದೆ. ಎಂಜಿನ್ ಒಳಗೆ ಸುತ್ತುತ್ತಾ ಅದರ ಬಿಸಿ ಹೀರುವ ಕೂಲೆಂಟ್ ದ್ರವ ಬೇರೆ, ಈ ಉಪ್ಪುನೀರು ಬೇರೆ. ಒಂದು ಸಣ್ಣ ಸಣ್ಣ ಕೊಳವೆಗಳ ಒಳಗೆ ಹರಿದರೆ ಇನ್ನೊಂದು ಹೊರಗೆ. ಎರಡೂ ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಆಮೇಲೆ ಉಪ್ಪುನೀರು ಎಕ್ಸಾಸ್ಟ್ ಸೇರಿ, ಹೊಗೆಯ ಜೊತೆ ದೋಣಿಯ ಹಿಂಭಾಗದಿಂದ ಹೊರಗೆ ಚಿಮ್ಮುತ್ತದೆ. ಎಕ್ಸಾಸ್ಟ್ ಪೈಪು ರಬ್ಬರಿನದು ಅಪ್ಪ. ನೀರು ನಿಂತುಹೋದರೆ ಎಂಜಿನ್ ಕೆಡುವ ಮುಂಚೆಯೇ ಆ ರಬ್ಬರ್ ಸುಡಲು ಶುರು. ಅದಕ್ಕೇ ಸ್ಟಾರ್ಟ್ ಮಾಡಿದ ಕೂಡಲೇ ಎಲ್ಲರೂ ಹಿಂದಕ್ಕೆ ಬಗ್ಗಿ ನೀರು ಬರುತ್ತಿದೆಯಾ ಅಂತ ನೋಡುವುದು.

ಪಂಪು ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಮೈ ಕಂಚಿನದು. ತೋಟದ ಪಂಪ್‌ಸೆಟ್ಟಿಗೆ ನೀವು ಮೊದಲು ನೀರು ತುಂಬಿಸುತ್ತೀರಲ್ಲ, ಇದಕ್ಕೆ ಅದು ಬೇಡ. ಒಳಗೆ ಆರು ರೆಕ್ಕೆಯ ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರ, ಇದೆ. ಗೋಡೆಯ ಒಂದು ಕಡೆ ಸ್ವಲ್ಪ ಉಬ್ಬು. ಸುತ್ತುವಾಗ ಆ ಉಬ್ಬಿನ ಹತ್ತಿರ ರೆಕ್ಕೆ ಮಡಚಿಕೊಳ್ಳುತ್ತದೆ, ಎರಡು ರೆಕ್ಕೆಗಳ ನಡುವಿನ ನೀರು ಹೊರಗೆ ತಳ್ಳಿಸಿಕೊಳ್ಳುತ್ತದೆ. ಉಬ್ಬು ದಾಟಿದ ಮೇಲೆ ರೆಕ್ಕೆ ಮತ್ತೆ ನೆಟ್ಟಗಾಗುತ್ತದೆ, ಆಗ ಹೊಸ ನೀರು ಎಳೆದುಕೊಳ್ಳುತ್ತದೆ. ಇಷ್ಟೇ ಉಪಾಯ. ಆದರೆ ರಬ್ಬರಿಗೂ ಕಂಚಿಗೂ ಮಧ್ಯೆ ಜಾರಿಕೆಗೆ ಇರುವುದು ನೀರೊಂದೇ. ವಾಲ್ವ್ ತೆರೆಯದೆ ಎಂಜಿನ್ ಓಡಿಸಿದರೆ ಕೆಲವೇ ನಿಮಿಷದಲ್ಲಿ ರೆಕ್ಕೆಗಳು ಕಿತ್ತುಬರುತ್ತವೆ. ನಾವು ವಾಲ್ವ್ ಮುಚ್ಚಿದಾಗ ಎಂಜಿನ್ ಕೀಲಿಯನ್ನು ಆ ವಾಲ್ವಿನ ಹಿಡಿಗೇ ನೇತು ಹಾಕುವುದು ಈ ಕಾರಣಕ್ಕೆ. ಕೀಲಿ ಬೇಕಾದವರು ವಾಲ್ವಿನ ಹತ್ತಿರ ಹೋಗಲೇಬೇಕು, ಅಲ್ವಾ.

ನಮ್ಮ ಪಂಪಿನ ತೊಂದರೆ ಶುರುವಾಗಿದ್ದು ಇಂಪೆಲ್ಲರಿನಿಂದ ಅಲ್ಲ. ಪಂಪಿನ ಕೆಳಗಡೆ ಒಂದು ಚಿಕ್ಕ ತೂತಿದೆ. ಅದರ ಸುತ್ತ ಬಿಳಿ ಉಪ್ಪು ಕಟ್ಟಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಎಂಜಿನ್ ಓಡುವಾಗ ಅಲ್ಲಿಂದ ಹನಿ ಬೀಳುತ್ತಿತ್ತು. ನೋಡಿದವರಿಗೆ ಆ ತೂತು ಮುಚ್ಚಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಲೇಬಾರದು. ಇಂಪೆಲ್ಲರನ್ನು ತಿರುಗಿಸುವ ಸ್ಟೀಲ್ ದಂಡ, ಅಂದರೆ ಶಾಫ್ಟಿನ ಮೇಲೆ, ಸೋರದಂತೆ ತಡೆಯುವ ಎರಡು ಬಳೆ, ಅಂದರೆ ಸೀಲ್, ಇರುತ್ತವೆ. ಒಂದು ಸಮುದ್ರದ ನೀರನ್ನು ತಡೆಯಲು, ಇನ್ನೊಂದು ಎಂಜಿನ್ ಆಯಿಲ್ ತಡೆಯಲು. ಪಂಪು ಎಂಜಿನ್ನಿನ ಗೇರಿನಿಂದಲೇ ಓಡುವುದರಿಂದ ಅದರ ಬೆನ್ನಿಗೆ ಆಯಿಲ್ ಇದೆ. ಎರಡು ಸೀಲುಗಳ ನಡುವಿನ ಜಾಗಕ್ಕೆ ಈ ತೂತು. ನೀರಿನ ಸೀಲ್ ಸೋತರೆ ನೀರು ಇಲ್ಲಿಂದ ಹೊರಗೆ ಬೀಳಲಿ, ಆಯಿಲ್ ಕಡೆ ಹೋಗದಿರಲಿ ಅಂತ ಮಾಡಿದ್ದು. ತೂತು ಮುಚ್ಚಿದರೆ ಉಪ್ಪುನೀರು ಎಂಜಿನ್ ಒಳಗೇ ದಾರಿ ಹುಡುಕುತ್ತದೆ. ಆಮೇಲೆ ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎತ್ತಿದರೆ ಆಯಿಲ್ ಹಾಲು ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಆಯಿಲ್ ಕಪ್ಪಗೇ ಇತ್ತು, ಪುಣ್ಯ.

ಬಿಚ್ಚಿದಾಗ ಇಂಪೆಲ್ಲರೂ ಮುದಿಯಾಗಿತ್ತು. ಹೊರಗೆ ತೆಗೆದ ಮೇಲೂ ಕೆಲವು ರೆಕ್ಕೆ ಮಡಚಿಕೊಂಡೇ ಇದ್ದವು. ಬೆರಳಿನಿಂದ ಬಗ್ಗಿಸಿದರೆ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತಿತ್ತು. ಒಂದು ರೆಕ್ಕೆ ಅರ್ಧ ಇರಲಿಲ್ಲ. ಹೊಸ ಇಂಪೆಲ್ಲರ್ ಹಾಕಿ ಸುಮ್ನೆ ಮುಚ್ಚಿದರೆ ಆಗುವುದಿಲ್ಲ, ಆ ಚೂರು ಎಲ್ಲಿಗೆ ಹೋಯಿತು ಅಂತ ಹುಡುಕಬೇಕು. ನೀರಿನ ದಾರಿ ಹಿಡಿದು ಒಂದೊಂದೇ ಹೋಸ್ ಕಳಚುತ್ತಾ ಹೋದೆವು. ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ, ಕೊಳವೆಗಳ ತುದಿಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದರ ಪಕ್ಕದಲ್ಲೇ ಇನ್ನೂ ಹಳೆಯದೊಂದು ಗಟ್ಟಿ ಚೂರು. ಅದು ನಮ್ಮ ಇಂಪೆಲ್ಲರಿನದೇ ಅಲ್ಲ! ನಮಗಿಂತ ಮುಂಚೆ ದೋಣಿ ಇಟ್ಟುಕೊಂಡಿದ್ದವರು ಹುಡುಕಿರಲಿಲ್ಲ ಅನ್ನಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಂಪಿನ ಒಳಗೋಡೆ ಆಳವಾಗಿ ಗೀರಿದ್ದರೆ, ಆ ಉಬ್ಬು ಸವೆದು ಹೋಗಿದ್ದರೆ ನಾನೂ ಹೊಸದೇ ತರಿಸುತ್ತಿದ್ದೆ. ಇದರ ಕಂಚಿನ ಮೈ ಗಟ್ಟಿಮುಟ್ಟಾಗಿದೆ. ಎಂಜಿನ್ ಹಳೆಯದಾದ್ದರಿಂದ ಇನ್ನೊಂದು ತಾಪತ್ರಯ. ಹೊಸ ಪಂಪು ಅಂತ ಕೊಡುವುದರ ಪೈಪಿನ ಬಾಯಿ ಬೇರೆ ಕಡೆಗೆ ತಿರುಗಿರಬಹುದು, ಶಾಫ್ಟಿನ ತುದಿ ಗೇರಿಗೆ ಕೂರದೆ ಇರಬಹುದು. ಸವೆಯುವುದು ಸೀಲು, ಬೇರಿಂಗ್, ಇಂಪೆಲ್ಲರ್, ಶಾಫ್ಟು. ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಬೇರಿಂಗಿನ ಮೇಲೆ 6202 ಅಂತ ಕೊರೆದಿತ್ತು. ತಮ್ಮನಿಗೆ ಹೇಳಿ, ಅವನಿಗೆ ಗೊತ್ತು. ಒಳಗಡೆ 15 ಮಿ.ಮೀ., ಹೊರಗಡೆ 35, ದಪ್ಪ 11. ಈ ನಂಬರ್ ಹೇಳಿದರೆ ಪ್ರಪಂಚದ ಯಾವ ಮೂಲೆಯಲ್ಲಾದರೂ ಇದೇ ಅಳತೆಯ ಬೇರಿಂಗ್ ಕೊಡುತ್ತಾರೆ, ದೋಣಿಯ ಅಂಗಡಿಗೇ ಹೋಗಬೇಕಿಲ್ಲ.

ಶಾಫ್ಟೂ ಹೋಗಿತ್ತು. ಸೀಲಿನ ತುಟಿ ಇಷ್ಟು ವರ್ಷ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಸ್ಟೀಲಿನಲ್ಲೇ ತೋಡು ಕೊರೆದುಬಿಟ್ಟಿದೆ. ಕಣ್ಣಿಗೆ ಬರೀ ಹೊಳೆಯುವ ಗೆರೆ. ಉಗುರು ಆಡಿಸಿದರೆ ಟಕ್ಕಂತ ಸಿಕ್ಕಿಕೊಳ್ಳುತ್ತದೆ. ಅಂಥ ಶಾಫ್ಟಿಗೆ ಹೊಸ ಸೀಲ್ ಹಾಕಿದರೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಸೋರುತ್ತದೆ. ಹಾಗಾಗಿ ಹೊಸ ಶಾಫ್ಟ್ ತರಿಸಿದೆವು.

ಜೋಡಿಸುವುದು ನನಗೆ ಇಷ್ಟವಾದ ಭಾಗ. ಶಾಫ್ಟನ್ನು ಫ್ರೀಜರಿನಲ್ಲಿಟ್ಟು ಬೇರಿಂಗ್ ಕೂರಿಸಿದೆವು. ಪಂಪಿನ ಮೈಯನ್ನು ಬಿಸಿನೀರಿನಲ್ಲಿ ಕಾಯಿಸಿ ಅದರೊಳಗೆ ಇಳಿಸಿದೆವು. ಸುತ್ತಿಗೆ ಮುಟ್ಟಲೇ ಇಲ್ಲ, ವೈಸಿನಲ್ಲಿ ಸಾಕೆಟ್ ಅಡ್ಡ ಇಟ್ಟು ನಿಧಾನಕ್ಕೆ ಒತ್ತಿದ್ದು. ಮೈಯೊಳಗೆ ಕೂರಿಸುವಾಗ ಬೇರಿಂಗಿನ ಹೊರ ರಿಂಗಿನ ಮೇಲೆ ಮಾತ್ರ ಒತ್ತಬೇಕು, ಇಲ್ಲದಿದ್ದರೆ ಒಳಗಿನ ಗುಂಡುಗಳಿಗೆ ಪೆಟ್ಟು. ನೀರಿನ ಸೀಲಿನಲ್ಲಿ ಸ್ಪ್ರಿಂಗ್ ಇರುವ ಬದಿ ನೀರಿನ ಕಡೆಗೆ. ಸ್ಪ್ರಿಂಗ್ ಸ್ಟೇನ್‌ಲೆಸ್ಸೇ ಆಗಿರಬೇಕು, ಮಾಮೂಲಿಯದನ್ನು ಉಪ್ಪು ತಿಂದು ಹಾಕುತ್ತದೆ. ಇಂಪೆಲ್ಲರಿಗೆ ಗ್ರೀಸ್ ಬದಲು ಪಾತ್ರೆ ತೊಳೆಯುವ ಸೋಪು ಸವರಿ, ರೆಕ್ಕೆಗಳನ್ನು ತಿರುಗುವ ದಿಕ್ಕಿಗೆ ತಕ್ಕಂತೆ ಮಡಚಿ ತಳ್ಳಿದೆ. ಮುಚ್ಚಳದ ಒಳಬದಿ ಇಂಪೆಲ್ಲರ್ ಉಜ್ಜಿ ಸವೆದಿತ್ತು. ಹೊರಬದಿಯಲ್ಲಿ ಅಕ್ಷರ ಕೊರೆದಿರುವುದರಿಂದ ತಿರುಗಿಸಿ ಹಾಕುವ ಹಾಗಿರಲಿಲ್ಲ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ನೀರು ಚಿಮುಕಿಸಿ ಮಟ್ಟವಾಗುವ ತನಕ ಉಜ್ಜಿದೆವು. ಮುಚ್ಚಳದ ಕೆಳಗೆ ಸೋರದಂತೆ ಇಡುವ ತೆಳು ಹಾಳೆ, ಗ್ಯಾಸ್ಕೆಟ್, ಮೊದಲಿದ್ದಷ್ಟೇ ತೆಳ್ಳಗಿನದು. ದಪ್ಪ ಜಾಸ್ತಿಯಾದರೆ ರೆಕ್ಕೆಗೂ ಮುಚ್ಚಳಕ್ಕೂ ಸಂದಿ ಬಿದ್ದು ಪಂಪು ನೀರೇ ಎಳೆಯುವುದಿಲ್ಲ.

ಈಗ ನೀರು ಚೆನ್ನಾಗಿ ಚಿಮ್ಮುತ್ತಿದೆ. ಪ್ರತಿ ಸಲ ಎಂಜಿನ್ ನಿಲ್ಲಿಸಿದ ಮೇಲೆ ಆ ಚಿಕ್ಕ ತೂತಿಗೆ ಟಿಶ್ಯೂ ಒತ್ತಿ ನೋಡುತ್ತೇನೆ. ಇದುವರೆಗೂ ಒಣಗಿದೆ. ಅಮ್ಮನಿಗೆ ಇದನ್ನೊಂದು ಖಂಡಿತ ಓದಿ ಹೇಳಿ.

ಹಳೇ ಶಾಫ್ಟ್ ಬಿಸಾಕಿಲ್ಲ. ಆ ತೋಡಿನ ಮೇಲೆ ತೆಳು ಸ್ಲೀವ್, ಅಂದರೆ ಲೋಹದ ಕವಚ, ಕೂರಿಸಿದರೆ ಸ್ಪೇರ್ ಆಗಿ ಇಟ್ಟುಕೊಳ್ಳಬಹುದು. ತಮ್ಮನಿಗೆ ಅಳತೆ, ಫೋಟೊ ಎರಡೂ ಕಳಿಸಿದ್ದೇನೆ. ಲೇತ್ ಕೆಲಸ ಗೊತ್ತಿರುವವರನ್ನು ಅವನು ಒಂದು ಮಾತು ಕೇಳಲಿ. ಆಗುತ್ತದೆ ಅಂದರೆ ಮುಂದಿನ ಸಲ ಬರುವಾಗ ತರುತ್ತೇನೆ.

ಇಂತಿ ನಿಮ್ಮ ಪ್ರೀತಿಯ
ಮಗಳು