ಅತ್ತೂರು ಜಾತ್ರೆಯಲ್ಲಿ ಸಿಕ್ಕ ಅಕ್ಕನಿಗೆ

ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ಜನವರಿ ಜಾತ್ರೆಯ ನೂಕುನುಗ್ಗಲು ಗೊತ್ತಲ್ವಾ, ಎಲ್ಲ ಧರ್ಮದವರೂ ಬರುತ್ತಾರೆ. ಈ ಸಲ ಅಲ್ಲಿ ನನ್ನ ಅಮ್ಮನಿಗೆ ತಲೆ ಸುತ್ತು ಬಂತು. ಅಕ್ಕ, ನೀವು ಮೇಣದಬತ್ತಿ ಹಚ್ಚುವ ಸಾಲಿನಲ್ಲಿ ಕಾದು ಕಾದು ಮುಂದೆ ತಲುಪಿದ್ದಿರಿ. ಅದನ್ನು ಬಿಟ್ಟು ಓಡಿ ಬಂದಿರಿ. ಅಮ್ಮನನ್ನು ನೆರಳಿಗೆ ಕೂರಿಸಿ, ನೀರು ಕುಡಿಸಿ, ಸೆರಗಿನಿಂದ ಗಾಳಿ ಹಾಕಿದಿರಿ. "ಸಾಲು ತಪ್ಪಿತಲ್ಲ" ಅಂದರೆ ಸುಮ್ನೆ ನಕ್ಕಿರಿ.

258ರಲ್ಲಿ, ರೋಮ್‌ನಲ್ಲಿ, ಚರ್ಚಿನ ಸಂಪತ್ತು ಒಪ್ಪಿಸು ಎಂದು ಅಧಿಕಾರಿ ಕೇಳಿದಾಗ ಸಂತ ಲಾರೆನ್ಸರು ಬಡವರನ್ನು ಕರೆತಂದು, ಇವರೇ ಚರ್ಚಿನ ಸಂಪತ್ತು ಎಂದು ನಿಲ್ಲಿಸಿದರಂತೆ. ಚಿಕ್ಕಂದಿನಿಂದ ಕೇಳಿದ ಕಥೆ. ಈ ಸಲ ಕಣ್ಣಾರೆ ಕಂಡ ಹಾಗಾಯಿತು.

ಅಮ್ಮ ಆರಾಮಾಗಿದ್ದಾರೆ. ಹೆಸರೂ ಹೇಳದೆ ಹೋದಿರಿ, ಆದರೂ ರಾತ್ರಿ ಜಪಸರ ಹಿಡಿದಾಗ ನಿಮಗಾಗಿ ಪ್ರಾರ್ಥಿಸುತ್ತಾರೆ. ನಮ್ಮಿಬ್ಬರ ಕಡೆಯಿಂದ ತುಂಬಾ ಧನ್ಯವಾದ, ಅಕ್ಕ.