ಜನ ಕಡಿಮೆಯಾದರೆ ನೆಲ ಉಳಿಯುತ್ತಾ?

ಮಾನ್ಯ ಸಂಪಾದಕರೇ,

ಎಲ್ಲ ಕಷ್ಟಕ್ಕೂ ಜನಸಂಖ್ಯೆಯೇ ಕಾರಣ ಅಂತ ಬಸ್ಸಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ ಕೇಳುತ್ತಲೇ ಇರುತ್ತೇವೆ. ಅದು ಪೂರ್ತಿ ನಿಜವಾಗಿದ್ದರೆ ನಮ್ಮ ಕೊಡಗು ಇಷ್ಟು ಹೊತ್ತಿಗೆ ನೆಮ್ಮದಿಯಾಗಿರಬೇಕಿತ್ತು, ಅಲ್ವಾ? 2001ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 5.48 ಲಕ್ಷ ಜನ, 2011ರಲ್ಲಿ 5.54 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಿದ್ದು ಬರೀ ಆರು ಸಾವಿರ. ಅದೇ ಹೊತ್ತಲ್ಲಿ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಜಾಸ್ತಿ ಏರಿತು.

ನೆಲದ ಭಾರ ಇಳಿಯಿತಾ? ನಾಪೋಕ್ಲು ಕಡೆ ನಮ್ಮ ಮನೆ ಕೆಳಗಿನ ಗದ್ದೆಗಳನ್ನು ನೋಡಿ. ನಾನು ಚಿಕ್ಕವನಿದ್ದಾಗ ಒಂದು ದಿನ ನಮ್ಮದು, ಮರುದಿನ ಪಕ್ಕದವರದ್ದು ಅಂತ ಸರದಿಯಲ್ಲಿ ನಾಟಿ ಮುಗಿಸುತ್ತಿದ್ದೆವು. ಈಗ ಏಳು ಮನೆಯಲ್ಲಿ ನಾಟಿ ಮಾಡುವುದು ಎರಡೇ ಮನೆ. ಉಳಿದದ್ದು ಪಾಳು. ಬದು ಒಡೆದಿದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿದ್ದ ನೀರು ಈಗ ಸೀದಾ ತೋಡಿಗಿಳಿದು ಹೊಳೆ ಸೇರುತ್ತದೆ, ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ! ಜನ ಕಡಿಮೆಯಾದರೆ ಪ್ರಕೃತಿ ತಾನಾಗೇ ಸರಿಹೋಗುತ್ತದೆ ಅನ್ನುವವರು ಒಮ್ಮೆ ಬಂದು ಆ ಬದುವಿನ ಮೇಲೆ ನಿಂತು ನೋಡಲಿ.

1798ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ತಸ್, ಜನ ಹೆಚ್ಚುವ ವೇಗಕ್ಕೆ ಅನ್ನ ಸಾಲದು ಅಂತ ಬರೆದಿದ್ದರು. ಆಗ ಪ್ರಪಂಚದಲ್ಲಿ ಸುಮಾರು 100 ಕೋಟಿ ಜನ, ಈಗ 800 ಕೋಟಿ ದಾಟಿದೆ. ಅನ್ನವೂ ಹೆಚ್ಚಿತು, ಯಾಕೆಂದರೆ ತಳಿ, ಗೊಬ್ಬರ, ನೀರಾವರಿ ಅಂತ ತಲೆ ಓಡಿಸುವವರೂ ಹೆಚ್ಚಿದರು. (ಅದಕ್ಕೆ ಕಾಡು ತೆತ್ತ ಬೆಲೆ ಸಣ್ಣದಲ್ಲ, ಮರೆಯಬಾರದು.)

ತಲೆ ಓಡಿಸುವವರು ಊರಲ್ಲಿರಬೇಕು. ನಮ್ಮೂರ ಹುಡುಗನೊಬ್ಬ ಹಳೇ ಕಳೆ ಕೊಚ್ಚುವ ಮೆಷಿನ್ನಿನ ಎಂಜಿನ್ ತೆಗೆದು ಮೆಣಸು ಬಿಡಿಸುವ ಯಂತ್ರಕ್ಕೆ ಜೋಡಿಸಿದ್ದ. ಕರೆಂಟ್ ಇಲ್ಲದ ದಿನವೂ ಕೆಲಸ ನಡೆಯುತ್ತಿತ್ತು. ಅವನು ಬೆಂಗಳೂರು ಸೇರಿದ, ಬೆಲ್ಟ್ ಹರಿಯಿತು, ಯಂತ್ರ ಈಗ ಕೊಟ್ಟಿಗೆಯ ಮೂಲೆಯಲ್ಲಿದೆ.

ಜಾಸ್ತಿ ಮಕ್ಕಳನ್ನು ಹೆರಿ ಅಂತ ನಾನು ಹೇಳುತ್ತಿಲ್ಲ, ಅದು ಹೆಣ್ಣುಮಕ್ಕಳೇ ತೀರ್ಮಾನಿಸಬೇಕಾದ್ದು. ಇರುವ ಮಕ್ಕಳನ್ನಾದರೂ ನೋಡಿಕೊಳ್ಳೋಣ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ಮಕ್ಕಳು, ಆರು ಮಂದಿ ಲೈನ್ ಮನೆಯವರು (ತೋಟದ ಕೆಲಸದವರ ಸಾಲುಮನೆಗಳವರು), ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಮೊನ್ನೆ ಅವರಲ್ಲೊಬ್ಬಳು ಅಂಗಡಿಯಲ್ಲಿ ಔಷಧಿ ಡಬ್ಬಿ ಮೇಲಿನ ಕನ್ನಡವನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಳು, ಒಂದು ಅಕ್ಷರವೂ ತಪ್ಪಲಿಲ್ಲ. ಮಕ್ಕಳು ಕಡಿಮೆ ಅಂತ ಆ ಶಾಲೆಯನ್ನೇ ಮುಚ್ಚುವ ಮಾತು ಕೇಳಿಬರುತ್ತಿದೆ. ದಯವಿಟ್ಟು ಮುಚ್ಚಬೇಡಿ. ಇನ್ನೊಬ್ಬ ಟೀಚರ್ ಕೊಡಿ.

– ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು