ಮಂಡಿ ಲಿವರ್ ಆರಿಸುವ ಮುನ್ನ: ಪುಟ್ಟಿಗೆ ಅತ್ತೆಯ ಕಾಗದ

ನ್ಯಾಶ್‌ವಿಲ್

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ನಿನ್ನೆ ಬಂತು. ಪಾದದಿಂದ ಪೆಡಲ್ ಒತ್ತಿ, ಮಂಡಿಯಿಂದ ಲಿವರ್ ತಳ್ಳಿ ತಂತಿಯ ಸ್ವರ ಬದಲಿಸುವ ಪೆಡಲ್ ಸ್ಟೀಲ್ ಗಿಟಾರ್ ಕೊಳ್ಳಲು ದುಡ್ಡು ಕೂಡಿಟ್ಟಿದ್ದೀಯ ಅಂತ ಓದಿ ಬಹಳ ಸಂತೋಷವಾಯಿತು. ನಾಲ್ಕು ಮಂಡಿ ಲಿವರ್ ಇರುವುದನ್ನು ಕೊಳ್ಳಲೋ ಐದಿರುವುದನ್ನೋ, ಯಾವ ಲಿವರ್ ಯಾವ ತಂತಿಯನ್ನು ಎಳೆಯಬೇಕು ಅಂತ ಕೇಳಿದ್ದೀಯ. ದೊಡ್ಡ ವಾದಕರು ಯಾರ್‍ಯಾರು ಏನೇನು ಇಟ್ಟುಕೊಂಡಿದ್ದಾರೆ ಅಂತ ಉದ್ದದ ಪಟ್ಟಿಯನ್ನೂ ಬರೆದು ಕಳಿಸಿದ್ದೀಯ. ಆ ಪಟ್ಟಿಯನ್ನು ಸದ್ಯಕ್ಕೆ ಮಡಿಸಿಡು ಮಗೂ. ನಿನ್ನ ಎಡಗಾಲು ಹೇಗೆ ವಾಲುತ್ತದೆ ಅನ್ನುವುದರಿಂದ ಶುರುಮಾಡೋಣ.

ನೀನು ವೀಣೆ ಕಲಿತವಳು, ಹಾಗಾಗಿ ಸ್ವರಗಳಲ್ಲೇ ಹೇಳುತ್ತೇನೆ. ಈ ಊರಿನ ಇ-ನೈನ್ತ್ ಶ್ರುತಿಯಲ್ಲಿ ಹತ್ತು ತಂತಿ. ಇ ಅನ್ನುವ ಪಾಶ್ಚಾತ್ಯ ಸ್ವರವನ್ನು ಷಡ್ಜ ಅಂತ ಇಟ್ಟುಕೋ. ನಾಲ್ಕನೆಯದೂ ಎಂಟನೆಯದೂ ಷಡ್ಜ. ಐದು, ಹತ್ತು ಪಂಚಮ. ಮೂರು, ಆರು ಅಂತರ ಗಾಂಧಾರ. ಒಂದು, ಏಳು ಚತುಶ್ರುತಿ ರಿಷಭ. ಎರಡನೆಯದು ಕಾಕಲಿ ನಿಷಾದ, ಒಂಬತ್ತನೆಯದು ಕೈಶಿಕಿ ನಿಷಾದ. ಎ ಪೆಡಲ್ ಒತ್ತಿದರೆ ಪಂಚಮ ಚತುಶ್ರುತಿ ಧೈವತಕ್ಕೆ ಏರುತ್ತದೆ. ಬಿ ಪೆಡಲ್ ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ ಏರಿಸುತ್ತದೆ. ಸಿ ಪೆಡಲ್ ನಾಲ್ಕನೆಯ ತಂತಿಯ ಷಡ್ಜವನ್ನು ರಿಷಭಕ್ಕೂ ಐದನೆಯದರ ಪಂಚಮವನ್ನು ಧೈವತಕ್ಕೂ ಒಯ್ಯುತ್ತದೆ. ವೀಣೆಯಲ್ಲಿ ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಮೇಲಿನ ಸ್ವರ ಹಿಡಿಯುತ್ತೀಯಲ್ಲ, ಆ ಕೆಲಸ ಇಲ್ಲಿ ಕಾಲಿನದು. ಎಡಗೈಯಲ್ಲಿ ಹಿಡಿದ ಉಕ್ಕಿನ ಬಾರ್ ಜಾರಿಸಿದರೆ ಅದರಡಿಯ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ. ಪೆಡಲ್ ಒತ್ತಿದರೆ ಒಂದು ಸ್ವರ ಮೇಲೇರುತ್ತಿರುವಾಗ ಪಕ್ಕದ ಸ್ವರಗಳು ನಿಂತಲ್ಲೇ ನಿಂತು ಮೊಳಗುತ್ತವೆ. 1954ರಲ್ಲಿ ಹೊರಬಂದ, ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ ಹಾಡೊಂದರಲ್ಲಿ ಬಡ್ ಐಸಾಕ್ಸ್ ಹೀಗೆ ನುಡಿಸಿದ್ದು ಕೇಳಿ ಎಷ್ಟೋ ಸ್ಟೀಲ್ ವಾದಕರು ತಮ್ಮ ಗಿಟಾರಿಗೂ ಪೆಡಲ್ ಕಟ್ಟಿಸಿಕೊಂಡರು. ಐಸಾಕ್ಸ್ ಒಂದೇ ಪೆಡಲಿನಲ್ಲಿ ಮಾಡುತ್ತಿದ್ದುದನ್ನು ಬಡ್ಡಿ ಎಮನ್ಸ್ ಎರಡು ಪೆಡಲಿಗೆ ಹಂಚಿದರು. ಅವೇ ಈಗಿನ ಎ, ಬಿ.

ಇನ್ನು ಲಿವರ್. ಎರಡು ಲಿವರ್ ಇರಲೇಬೇಕು. ಷಡ್ಜವನ್ನು ಒಂದು ಮನೆ ಏರಿಸಿ ಶುದ್ಧ ರಿಷಭಕ್ಕೆ ತರುವುದು ಒಂದು, ಇಲ್ಲಿಯವರು ಎಫ್ ಲಿವರ್ ಅನ್ನುತ್ತಾರೆ. ಅದೇ ಷಡ್ಜವನ್ನು ಒಂದು ಮನೆ ಇಳಿಸಿ ಕಾಕಲಿ ನಿಷಾದಕ್ಕೆ ತರುವುದು ಇನ್ನೊಂದು. ಇವಿಲ್ಲದ ಗಿಟಾರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಒಂದೇ ತಂತಿಯನ್ನು ಒಂದೇ ಹೊತ್ತಿನಲ್ಲಿ ಏರಿಸಿ ಇಳಿಸುವ ಪ್ರಮೇಯವೇ ಬರುವುದಿಲ್ಲವಾದ್ದರಿಂದ ಎರಡನ್ನೂ ಎಡಮಂಡಿಯ ಆಚೆ ಈಚೆ ಇಡುವುದು ರೂಢಿ. ಯಾವುದು ಎಡಕ್ಕೆ, ಯಾವುದು ಬಲಕ್ಕೆ? ನಾನು ಎರಡು ವರ್ಷ ತೆತ್ತದ್ದು ಇಲ್ಲೇ.

ಜಿ ಮೇಜರ್ ಸ್ವರಮೇಳ, ಅಂದರೆ ಒಟ್ಟಿಗೆ ಮೊಳಗುವ ಮೂರು ಸ್ವರ, ತೆಗೆದುಕೋ. ಮೂರನೆಯ ಫ್ರೆಟ್ಟಿನಲ್ಲಿ ಪೆಡಲ್ ಏನೂ ಬೇಡ. ಹತ್ತನೆಯ ಫ್ರೆಟ್ಟಿನಲ್ಲಿ ಎ, ಬಿ ಪೆಡಲ್ ಎರಡನ್ನೂ ಒತ್ತಿದರೆ ಅದೇ ಮೇಳ. ಆರನೆಯದರಲ್ಲಿ ಎ ಪೆಡಲ್ ಜೊತೆಗೆ ಎಫ್ ಲಿವರ್ ಸೇರಿದರೂ ಅದೇ. ಹತ್ತರಿಂದ ಆರಕ್ಕೆ ಇಳಿಯುವಾಗ ನಿನ್ನ ಪಾದ ಬಿ ಪೆಡಲನ್ನು ಬಿಟ್ಟು ಎ ಕಡೆಗೆ ವಾಲಬೇಕು. ಎಮನ್ಸ್ ಕ್ರಮದಲ್ಲಿ ಪೆಡಲುಗಳು ಎಡದಿಂದ ಎ, ಬಿ, ಸಿ. ಪಾದ ಎಡಕ್ಕೆ ವಾಲಿದರೆ ಮಂಡಿಯೂ ತಾನಾಗಿ ಎಡಕ್ಕೆ ವಾಲುತ್ತದೆ. ಎಫ್ ಲಿವರ್ ಅಲ್ಲೇ ಕಾದಿರಬೇಕು. ಇನ್ನೊಬ್ಬ ಸ್ಟೀಲ್ ವಾದಕ ಜಿಮ್ಮಿ ಡೇ ಅವರ ಕ್ರಮದಲ್ಲಿ ಪೆಡಲುಗಳು ಸಿ, ಬಿ, ಎ. ಪಾದ ವಾಲುವುದು ಬಲಕ್ಕೆ, ಆದ್ದರಿಂದ ಎಫ್ ಲಿವರ್ ಕೂಡ ಮಂಡಿಯ ಬಲಕ್ಕೆ. ಎರಡೂ ಒಳ್ಳೆಯ ಕ್ರಮಗಳೇ. ಒಂದನ್ನು ಹಿಡಿದರೆ ಪೂರ್ತಿ ಹಿಡಿ.

ನಾನು ಮೊದಲು ಕೊಂಡ ಹಳೆಯ ಗಿಟಾರಿನಲ್ಲಿ ಪೆಡಲ್ ಎಮನ್ಸ್ ಕ್ರಮದ್ದು, ಲಿವರ್ ಡೇ ಕ್ರಮದ್ದು. ಮಾರಿದವರು ಹೇಳಲಿಲ್ಲ, ನನಗೆ ಕೇಳಲು ತಿಳಿದಿರಲಿಲ್ಲ. ಪಾದ ಎಡಕ್ಕೆ, ಮಂಡಿ ಬಲಕ್ಕೆ. ಆರನೆಯ ಫ್ರೆಟ್ಟಿಗೆ ಬಂದಾಗಲೆಲ್ಲ ಎ ಪೆಡಲ್ ಅರ್ಧ ಸಡಿಲಾಗಿ ಧೈವತ ಕೊಂಚ ಕೆಳಗೆ ನಿಲ್ಲುತ್ತಿತ್ತು. ನನ್ನ ಸಾಧನೆ ಸಾಲದು ಅಂದುಕೊಂಡು ಇನ್ನಷ್ಟು ಹೊತ್ತು ಕೂರುತ್ತಿದ್ದೆ. ಎಡಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಕೊನೆಗೆ ಒಂದು ಮಧ್ಯಾಹ್ನ ಹಾಸಿಗೆಯ ಮೇಲೆ ಕಂಬಳಿ ಹಾಸಿ ಗಿಟಾರನ್ನು ಬೋರಲು ಮಲಗಿಸಿದೆ. ಲಿವರನ್ನು ಕೈಯಿಂದ ಮೆಲ್ಲಗೆ ತಳ್ಳಿದರೆ ಅಡ್ಡದ ಸರಳು ತಿರುಗುತ್ತದೆ, ಅದಕ್ಕೆ ಕಚ್ಚಿಸಿದ ಬೆಲ್ ಕ್ರ್ಯಾಂಕ್ ಅನ್ನುವ ಸಣ್ಣ ತೋಳು ವಾಲಿ ಉದ್ದದ ಕಂಬಿಯನ್ನು ಎಳೆಯುತ್ತದೆ, ಆ ಕಂಬಿ ಬಲತುದಿಯಲ್ಲಿ ತಂತಿಗಳನ್ನು ಏರಿಸಿ ಇಳಿಸುವ ಚೇಂಜರಿನ ಬೆರಳನ್ನು ಎಳೆಯುತ್ತದೆ. ಕಂಬಿಯ ತುದಿಯ ನೈಲಾನ್ ನಟ್ ತಿರುಗಿಸಿದರೆ ಎಳೆದ ಸ್ವರ ಶ್ರುತಿಗೆ ಕೂರುತ್ತದೆ. ನೋಡುತ್ತಾ ನೋಡುತ್ತಾ ಎಲ್ಲ ತಿಳಿಯಿತು. ಕಂಬಿಗಳನ್ನು ಅದಲುಬದಲು ಮಾಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆರನೆಯ ಫ್ರೆಟ್ಟಿನಲ್ಲಿ ಧೈವತ ನಿಚ್ಚಳವಾಗಿ ಕೇಳಿಸಿತು. ಕಣ್ಣಲ್ಲಿ ನೀರು ಬಂತು.

ಆದ್ದರಿಂದ ಕೊಳ್ಳುವ ಮೊದಲು ಅದರ ಹೊಟ್ಟೆ ತೋರಿಸಲು ಹೇಳು. ಚೇಂಜರಿನಲ್ಲಿ ಪ್ರತಿ ತಂತಿಗೂ ಎಷ್ಟು ಏರಿಕೆ, ಎಷ್ಟು ಇಳಿತ ಹಾಕಲು ಅವಕಾಶವಿದೆ ಅಂತ ಎಣಿಸು. ಅವಕಾಶ ಇದ್ದರೆ ಯಾವ ಎಳೆತವನ್ನಾದರೂ ಮುಂದೆ ಬದಲಿಸಬಹುದು. ಇಲ್ಲದಿದ್ದರೆ ಯಾವ ವಾದಕರ ಪಟ್ಟಿ ಇಟ್ಟುಕೊಂಡೂ ಪ್ರಯೋಜನವಿಲ್ಲ.

ಬಲಮಂಡಿಗೆ ಎರಡು ಲಿವರ್ ಸಾಕು. ಬಲಕ್ಕೆ ತಳ್ಳಿದರೆ ಎರಡನೆಯ ತಂತಿಯ ಕಾಕಲಿ ನಿಷಾದ ಮೊದಲು ಕೈಶಿಕಿಗೆ, ಇನ್ನೂ ತಳ್ಳಿದರೆ ಧೈವತಕ್ಕೆ ಇಳಿಯಬೇಕು. ಒಂಬತ್ತನೆಯ ತಂತಿಯೂ ಆ ಎರಡನೆಯ ಹಂತದಲ್ಲೇ ಧೈವತಕ್ಕೆ ಇಳಿಯಲಿ. ಒಂಬತ್ತನೆಯದು ಎಳೆಯಲು ಶುರುವಾಗುವ ಕಡೆ ಲಿವರ್ ಸ್ವಲ್ಪ ಗಟ್ಟಿಯಾಗುತ್ತದೆ. ಮಂಡಿಗೆ ಆ ತಡೆ ಚೆನ್ನಾಗಿ ತಿಳಿಯುವಂತೆ ಕೂರಿಸಿಕೋ, ಕೈಶಿಕಿಯಲ್ಲಿ ನಿಲ್ಲಲು ಅದೇ ಆಸರೆ. ಎಡಕ್ಕೆ ತಳ್ಳಿದರೆ ಮೊದಲನೆಯ ತಂತಿ ಸಾಧಾರಣ ಗಾಂಧಾರಕ್ಕೆ ಏರಲಿ, ಆರನೆಯದು ರಿಷಭಕ್ಕೆ ಇಳಿಯಲಿ. ಬಲಪಾದ ವಾಲ್ಯೂಮ್ ಪೆಡಲಿನ ಮೇಲಿರುತ್ತದೆ ಅನ್ನುವುದನ್ನು ಮರೆಯಬೇಡ. ಮಂಡಿ ಬಲಕ್ಕೆ ಹೋದಾಗ ಪಾದವೂ ತಿರುಗಿ ದನಿ ಕುಸಿಯುವುದುಂಟು. ವಾಲ್ಯೂಮ್ ಪೆಡಲನ್ನು ಆಚೀಚೆ ಸರಿಸಿ, ತಿರುಗದೆ ಇರುವ ಜಾಗ ಸಿಕ್ಕಿದ ಮೇಲೆ ನೆಲಕ್ಕೆ ಟೇಪ್ ಹಚ್ಚಿ ಗುರುತು ಮಾಡು.

ಐದನೆಯದು ಎಡಮಂಡಿಯನ್ನು ಮೇಲಕ್ಕೆತ್ತಿ ಒತ್ತುವ ಲಿವರ್. ಅದು ಪಂಚಮವನ್ನು ಪ್ರತಿ ಮಧ್ಯಮಕ್ಕೆ ಇಳಿಸುತ್ತದೆ. ನಾದ ಬಹಳ ಸೊಗಸು, ಕಲ್ಯಾಣಿಯ ಮಧ್ಯಮ ನೆನಪಾಗುತ್ತದೆ. ಆದರೆ ಪಾದ ಪೆಡಲ್ ಒತ್ತುತ್ತಿರುವಾಗಲೇ ಮಂಡಿ ಎತ್ತಬೇಕು, ನಮ್ಮ ಮನೆಯ ಹೆಂಗಸರಿಗೆ ಕಾಲಿನ ಉದ್ದ ಕಡಿಮೆ. ನಾಲ್ಕು ಲಿವರ್ ಇರುವುದನ್ನೇ ತೆಗೆದುಕೋ. ಐದಿರುವುದೇ ಒಳ್ಳೆಯ ಬೆಲೆಗೆ ಸಿಕ್ಕರೆ ಅದೊಂದನ್ನು ಬಿಚ್ಚಿಟ್ಟು ಒಂದು ವರ್ಷ ನುಡಿಸು. ಆ ವರ್ಷ ಬೇರೆ ಯಾವ ಲಿವರನ್ನೂ ಬದಲಿಸಕೂಡದು. ಇದನ್ನು ನಾನು ಕಟ್ಟಪ್ಪಣೆಯಾಗಿಯೇ ಹೇಳುತ್ತಿದ್ದೇನೆ.

ಮೂರನೆಯ ತಂತಿ 0.011 ಇಂಚಿನ ಸಣ್ಣ ತಂತಿ, ಬಿ ಪೆಡಲ್ ಸದಾ ಎಳೆಯುವುದರಿಂದ ಮೊದಲು ತುಂಡಾಗುವುದು ಅದೇ. ಅರ್ಧ ಡಜನ್ ಬಿಡಿಯಾಗಿ ತಂದಿಟ್ಟುಕೋ. ಹಬ್ಬದ ದಿನ ಸೀರೆಯಲ್ಲಿ ನುಡಿಸುವುದಾದರೆ ನೆರಿಗೆಯನ್ನು ಮಂಡಿಗಳ ನಡುವೆ ಒತ್ತಾಗಿ ಸಿಕ್ಕಿಸಿಕೋ, ಇಲ್ಲದಿದ್ದರೆ ಲಿವರಿನ ತಿರುಗಣೆಗೆ ಸಿಕ್ಕಿಕೊಳ್ಳುತ್ತದೆ.

ನೀನು ಕೂರುವ ಸ್ಟೂಲಿನ ಎತ್ತರ, ನೆಲದಿಂದ ನಿನ್ನ ಮಂಡಿಯ ಮೇಲ್ತುದಿಯವರೆಗಿನ ಎತ್ತರ ಎರಡನ್ನೂ ಅಳೆದು ಬರೆ. ಚಪ್ಪಲಿ ಹಾಕಿಕೊಂಡು ನುಡಿಸುತ್ತೀಯೋ ಬರಿಗಾಲಿನಲ್ಲೋ, ಅದನ್ನೂ ತಿಳಿಸು. ಗಿಟಾರಿನ ಕಾಲು ಎಷ್ಟು ಎತ್ತರ ಇಡಬೇಕು ಅಂತ ಹೇಳುತ್ತೇನೆ.

ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ
ಅತ್ತೆ